ಫೋನಿನ ಧ್ವನಿ ಸಹಾಯಕ ಮತ್ತು ಮನೆಯೊಳಗಿನ ಮಾತು: ಉತ್ತರ ಕನ್ನಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಕುಮಟಾ, ಅಂಕೋಲಾ, ಕಾರವಾರದ ಕಡೆಯ ಪರಿಚಿತರು ಮತ್ತು ನೆಂಟರು ಫೋನಿನ ಧ್ವನಿ ಸಹಾಯಕದ ಬಗ್ಗೆ ಕೇಳುತ್ತ ಬಂದಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಗೂಗಲ್ ಅಸಿಸ್ಟೆಂಟ್, ಅದರ ಜಾಗಕ್ಕೆ ಬರುತ್ತಿರುವ ಜೆಮಿನಿ, ಆ್ಯಪಲ್‌ನ ಸಿರಿ ಮತ್ತು ಅಮೆಜಾನ್‌ನ ಅಲೆಕ್ಸಾ ಇವೇ ಇಲ್ಲಿನ ಮುಖ್ಯ ವಿಷಯ. ಹೇಳಿದ್ದು ಅದಕ್ಕೆ ತಿಳಿಯುವುದಿಲ್ಲ ಎಂಬ ಬೇಸರ ಕೆಲವರದ್ದು, ಹೇಳದೇ ಇದ್ದದ್ದನ್ನೂ ಅದು ಕೇಳಿಸಿಕೊಳ್ಳುತ್ತಿದೆ ಎಂಬ ಆತಂಕ ಇನ್ನು ಕೆಲವರದ್ದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಬಟನ್ ಒತ್ತಿ ಮಾತನಾಡುವುದರಿಂದ ಬಹುಪಾಲು ಪ್ರಯೋಜನ ಸಿಗುತ್ತದೆ; ಹಗಲಿರುಳೂ ಕರೆಗಾಗಿ ಕಾಯುತ್ತ ಮೈಕನ್ನು ತೆರೆದಿಡುವ ಸೌಲಭ್ಯ ಹೆಚ್ಚಿನ ಮನೆಗಳಿಗೆ ಅಗತ್ಯವಿಲ್ಲ.

ನಾನು ಕರೆಯದೇ ಇದ್ದಾಗಲೂ ಫೋನು ನನ್ನ ಮಾತು ಕೇಳುತ್ತಿರುತ್ತದೆಯೇ?

ಕರೆದಾಗ ಓಗೊಡುವ ಸೌಲಭ್ಯವನ್ನು ನೀವು ಚಾಲೂ ಇಟ್ಟಿದ್ದರೆ ಮೈಕ್ ಸದಾ ಎಚ್ಚರವಾಗಿರುತ್ತದೆ, ಆದರೆ ಅದಕ್ಕೆ ಕೇಳಿಸಿದ್ದೆಲ್ಲವೂ ಫೋನಿನಿಂದ ಹೊರಗೆ ಹೋಗುವುದಿಲ್ಲ. ಬಹಳ ಕಡಿಮೆ ವಿದ್ಯುತ್ತಿನಲ್ಲಿ ಕೆಲಸ ಮಾಡುವ ಚಿಪ್ಪೊಂದು ‘ಹೇ ಗೂಗಲ್’ ಅಥವಾ ‘ಸಿರಿ’ ಎಂಬ ಕರೆಯನ್ನಷ್ಟೇ ಗುರುತಿಸಲು ಕಲಿತಿರುತ್ತದೆ. ಜಗಲಿಯಲ್ಲಿ ಮಲಗಿದ ನಾಯಿ ಮನೆಮಂದಿಯ ಮಾತಿಗೆಲ್ಲ ಏಳದೆ ತನ್ನ ಹೆಸರಿಗೆ ಮಾತ್ರ ಕಿವಿ ನಿಮಿರಿಸುವ ಹಾಗೆ. ಈಚಿನ ಕೆಲವು ಸೆಕೆಂಡುಗಳ ಸದ್ದನ್ನು ಅದು ಹಿಡಿದಿಟ್ಟುಕೊಂಡಿದ್ದು, ಕರೆ ಸಿಗದಿದ್ದರೆ ಅದರ ಮೇಲೆಯೇ ಹೊಸ ಸದ್ದನ್ನು ಬರೆಯುತ್ತ ಹೋಗುತ್ತದೆ. ಕರೆ ಬಂತು ಎಂದು ಅದು ತೀರ್ಮಾನಿಸಿದ ಮೇಲೆ ಆಡಿದ ಮಾತು ಸಾಮಾನ್ಯವಾಗಿ ಕಂಪನಿಯ ಸರ್ವರ್‌ಗೆ ತಲುಪುತ್ತದೆ.

ಈ ತೀರ್ಮಾನ ತಪ್ಪುವುದುಂಟು. ಟಿವಿಯ ಸಂಭಾಷಣೆ, ಮಕ್ಕಳ ಕೂಗು, ಬೇರೆ ಯಾವುದೋ ಪದ, ಯಾವುದನ್ನಾದರೂ ಅದು ತನ್ನ ಕರೆಯೆಂದು ತಿಳಿದು ದಾಖಲಿಸಲು ತೊಡಗಬಹುದು. 2019ರ ಜುಲೈನಲ್ಲಿ ಬೆಲ್ಜಿಯಂನ ಪ್ರಸಾರ ಸಂಸ್ಥೆ ವಿಆರ್‌ಟಿ, ಗೂಗಲ್ ಅಸಿಸ್ಟೆಂಟ್‌ನಿಂದ ಬಂದ 1,000ಕ್ಕೂ ಹೆಚ್ಚು ಧ್ವನಿ ತುಣುಕುಗಳನ್ನು ಪಡೆದು ಕೇಳಿದಾಗ, ಅವುಗಳಲ್ಲಿ 153 ತುಣುಕುಗಳು ಯಾರೂ ಕರೆಯದೇ ದಾಖಲಾದವು ಎಂದು ಕಂಡುಬಂದಿತು. ಮಲಗುವ ಕೋಣೆಯ ಮಾತು ಮತ್ತು ವ್ಯವಹಾರದ ಮಾತು ಅವುಗಳಲ್ಲಿ ಇದ್ದವು. ಬೇಕೆಂದೇ ಕದ್ದು ಕೇಳುವುದಕ್ಕಿಂತ ಹೀಗೆ ತಪ್ಪಿ ಕೇಳುವುದೇ ನಿಜವಾದ ಅಪಾಯ ಎಂದು ನಾನು ಭಾವಿಸುತ್ತೇನೆ.

ಹಾಗಾದರೆ ಅಡಿಕೆ ಸುಲಿಯುವ ಯಂತ್ರದ ಬಗ್ಗೆ ಮಾತಾಡಿದ ಮರುದಿನವೇ ಅದರ ಜಾಹೀರಾತು ಕಾಣಿಸುವುದು ಹೇಗೆ?

ಅಡಿಕೆ ಕೊಯ್ಲಿನ ಸಮಯದಲ್ಲಿ ಈ ಪ್ರಶ್ನೆ ತಪ್ಪದೆ ಬರುತ್ತದೆ, ಮತ್ತು ಉತ್ತರವೂ ಸ್ವಲ್ಪ ಅದರಲ್ಲೇ ಇದೆ. ನೀವು ಶಿರಸಿ ಅಥವಾ ಸಿದ್ದಾಪುರದ ಹಳ್ಳಿಯಲ್ಲಿದ್ದೀರಿ ಎಂಬುದು ಫೋನಿನ ಸ್ಥಳದ ಮಾಹಿತಿಯಿಂದ ಗೊತ್ತಾಗುತ್ತದೆ. ಕೊಯ್ಲಿನ ತಿಂಗಳು ಯಾವುದೆಂಬುದು ಯಂತ್ರ ಮಾರುವವನಿಗೆ ಗೊತ್ತಿದೆ. ನಿಮ್ಮೊಡನೆ ಮಾತಾಡಿದ ಭಾವನೋ ತಮ್ಮನೋ ಅದೇ ಮನೆಯ ವೈಫೈನಲ್ಲಿ ಆ ಯಂತ್ರದ ವಿಡಿಯೊ ನೋಡಿರುತ್ತಾನೆ. ಇಷ್ಟು ಸಿಕ್ಕರೆ ಜಾಹೀರಾತು ತೋರಿಸಲು ಯಾರೂ ನಿಮ್ಮ ಮಾತನ್ನು ಕದ್ದು ಕೇಳಬೇಕಾಗಿಲ್ಲ.

ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 17,000ಕ್ಕೂ ಹೆಚ್ಚು ಆ್ಯಂಡ್ರಾಯ್ಡ್ ಆ್ಯಪ್‌ಗಳನ್ನು ಪರೀಕ್ಷಿಸಿ 2018ರಲ್ಲಿ ವರದಿ ಪ್ರಕಟಿಸಿದರು. ಗುಟ್ಟಾಗಿ ಮೈಕ್ ತೆರೆದು ಮಾತನ್ನು ಹೊರಗೆ ಕಳಿಸುವ ಆ್ಯಪ್ ಅವರಿಗೆ ಸಿಗಲಿಲ್ಲ. ಆದರೆ ಬಳಕೆದಾರ ತನ್ನ ಪರದೆಯ ಮೇಲೆ ಮಾಡುತ್ತಿದ್ದುದನ್ನು ದಾಖಲಿಸಿ ಬೇರೆ ಕಂಪನಿಗೆ ಕಳಿಸುತ್ತಿದ್ದ ಆ್ಯಪ್ ಸಿಕ್ಕಿತು. ಮೈಕಿನ ಮೇಲೆ ಮಾತ್ರ ಅನುಮಾನವಿಟ್ಟು, ಸ್ಥಳ, ಸಂಪರ್ಕ ಪಟ್ಟಿ ಮತ್ತು ಹುಡುಕಾಟದ ಚರಿತ್ರೆಯನ್ನು ಬಂದ ಆ್ಯಪ್‌ಗೆಲ್ಲ ಬಿಟ್ಟುಕೊಡುವ ರೂಢಿ ನನಗೆ ಕಳವಳ ತರುತ್ತದೆ.

ದಾಖಲಾದ ಧ್ವನಿಯನ್ನು ಮನುಷ್ಯರು ಕೇಳುತ್ತಾರೆಯೇ?

ಕೇಳಿದ್ದಾರೆ, ಮತ್ತು ಒಂದಲ್ಲ ಒಂದು ಒಪ್ಪಿಗೆಯ ಹೆಸರಿನಲ್ಲಿ ಇಂದಿಗೂ ಕೇಳುವ ಅವಕಾಶವಿದೆ. ಯಂತ್ರ ಸರಿಯಾಗಿ ಅರ್ಥ ಮಾಡಿಕೊಂಡಿತೋ ಇಲ್ಲವೋ ಎಂದು ನೋಡಲು ಕಂಪನಿಗಳು ಕೆಲವು ತುಣುಕುಗಳನ್ನು ಗುತ್ತಿಗೆ ನೌಕರರಿಗೆ ಕೊಟ್ಟು ಬರೆಸುತ್ತವೆ. 2019ರ ಏಪ್ರಿಲ್‌ನಲ್ಲಿ ಅಮೆಜಾನ್ ಬಗ್ಗೆ, ಜುಲೈನಲ್ಲಿ ಗೂಗಲ್ ಮತ್ತು ಆ್ಯಪಲ್ ಬಗ್ಗೆ ಇದು ಬಯಲಾಯಿತು. ತನ್ನ ಧ್ವನಿ ತುಣುಕುಗಳಲ್ಲಿ ಸುಮಾರು ಶೇ. 0.2ರಷ್ಟನ್ನು ಭಾಷಾ ತಜ್ಞರು ಪರಿಶೀಲಿಸುತ್ತಾರೆ ಎಂದು ಗೂಗಲ್ ಹೇಳಿತು. ಶೇಕಡಾವಾರು ಚಿಕ್ಕದಾಗಿ ಕಂಡರೂ, ಜಗತ್ತಿನಲ್ಲಿ ದಿನವೂ ಆಡುವ ಅಷ್ಟೊಂದು ಆದೇಶಗಳಲ್ಲಿ ಅದು ದೊಡ್ಡ ರಾಶಿಯೇ ಆಗುತ್ತದೆ. ಆ್ಯಪಲ್ ಆ ವರ್ಷದ ಆಗಸ್ಟ್‌ನಲ್ಲಿ ಪರಿಶೀಲನೆಯನ್ನು ನಿಲ್ಲಿಸಿ ಕ್ಷಮೆ ಕೇಳಿತು. ಬಳಕೆದಾರ ತಾನಾಗಿ ಒಪ್ಪಿದರೆ ಮಾತ್ರ ಧ್ವನಿಯನ್ನು ಇಟ್ಟುಕೊಳ್ಳುವ ಕ್ರಮವನ್ನು ಬಳಿಕ ತಂದಿತು. ಕರೆಯದೇ ದಾಖಲಿಸಿದ ಕುರಿತ ಮೊಕದ್ದಮೆಯೊಂದರಲ್ಲಿ 9.5 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳಲು, ತಪ್ಪನ್ನು ಒಪ್ಪಿಕೊಳ್ಳದೆಯೇ, ಅದು ಮುಂದಾದ ಸಂಗತಿ 2025ರ ಜನವರಿಯಲ್ಲಿ ಹೊರಬಂತು.

ಜೆಮಿನಿಯ ವಿಷಯ ಪ್ರತ್ಯೇಕವಾಗಿ ತಿಳಿದಿರಬೇಕು. ಮನುಷ್ಯರು ಪರಿಶೀಲಿಸಿದ ಸಂಭಾಷಣೆಗಳನ್ನು ಖಾತೆಯಿಂದ ಬೇರ್ಪಡಿಸಿ ಮೂರು ವರ್ಷದವರೆಗೆ ಇಟ್ಟುಕೊಳ್ಳಬಹುದು, ನೀವು ನಿಮ್ಮ ಚರಿತ್ರೆಯನ್ನು ಅಳಿಸಿದರೂ ಅವು ಅಳಿಯುವುದಿಲ್ಲ ಎಂದು ಗೂಗಲ್ ತನ್ನ ಗೋಪ್ಯತಾ ಸೂಚನೆಯಲ್ಲೇ ಹೇಳಿದೆ. ಚಟುವಟಿಕೆಯ ದಾಖಲೆಯನ್ನು ಪೂರ್ತಿ ಬಂದ್ ಮಾಡಿದರೂ ಸಂಭಾಷಣೆ 72 ಗಂಟೆಗಳವರೆಗೆ ಉಳಿಯಬಹುದು. ಅಪರಿಚಿತರ ಕಿವಿಗೆ ಬೀಳಬಾರದ ಸಂಗತಿಯನ್ನು ಅಲ್ಲಿ ನಮೂದಿಸಬೇಡಿ ಎಂದು ಅದೇ ಸೂಚನೆ ಎಚ್ಚರಿಸುತ್ತದೆ. ಆಸ್ಪತ್ರೆಯ ವರದಿಯನ್ನು ಓದಿ ಹೇಳುವ ಮೊದಲು, ಜಮೀನಿನ ತಕರಾರನ್ನು ವಿವರಿಸಿ ಸಲಹೆ ಕೇಳುವ ಮೊದಲು ಈ ಮಾತು ನೆನಪಿರಲಿ.

ನಾವು ಹೇಳುವುದು ಅದಕ್ಕೆ ಯಾಕೆ ಅರ್ಥವಾಗುವುದಿಲ್ಲ?

ಅದು ಕಲಿತಿರುವ ಕನ್ನಡ ನಮ್ಮ ಮನೆಯ ಕನ್ನಡವಲ್ಲ. ಗೂಗಲ್ 2017ರ ಆಗಸ್ಟ್‌ನಲ್ಲಿ ಕನ್ನಡದಲ್ಲಿ ಧ್ವನಿ ಟೈಪಿಂಗ್ ತಂದಿತು, 2019ರಲ್ಲಿ ಅಸಿಸ್ಟೆಂಟ್ ಕನ್ನಡ ಕಲಿಯಿತು, 2024ರ ಜೂನ್‌ನಲ್ಲಿ ಜೆಮಿನಿ ಆ್ಯಪ್ ಭಾರತಕ್ಕೆ ಬಂದಾಗ ಅದರ ಒಂಬತ್ತು ಭಾರತೀಯ ಭಾಷೆಗಳಲ್ಲಿ ಕನ್ನಡವೂ ಇತ್ತು. ಇಷ್ಟಾದರೂ ಪುಸ್ತಕದ ಮತ್ತು ವಾರ್ತೆಯ ಕನ್ನಡಕ್ಕೆ ಹತ್ತಿರವಾದ ಮಾತನ್ನೇ ಅದು ಚೆನ್ನಾಗಿ ಹಿಡಿಯುತ್ತದೆ. ಶಿರಸಿ, ಯಲ್ಲಾಪುರ ಸೀಮೆಯ ಹವ್ಯಕರು ಮನೆಯಲ್ಲಿ ಆಡುವಂತೆ ‘ಹೋಪದು’, ‘ಬಪ್ಪದು’ ಎಂದರೆ, ಅಥವಾ ಅಂಕೋಲಾ, ಕುಮಟಾದ ಹಾಲಕ್ಕಿ ಒಕ್ಕಲಿಗರು ತಮ್ಮ ಧಾಟಿಯಲ್ಲಿ ಕೇಳಿದರೆ, ಪರದೆಯ ಮೇಲೆ ಸಂಬಂಧವೇ ಇಲ್ಲದ ಸಾಲು ಮೂಡುತ್ತದೆ. ನಮ್ಮ ಊರುಗಳ ಹಿರಿಯರು ಎರಡು ಬಾರಿ ಹೇಳಿ ನೋಡಿ, “ನನ್ನ ಮಾತೇ ಸರಿಯಿಲ್ಲ ಕಾಣ್ತದೆ” ಎಂದು ಫೋನನ್ನು ಕೆಳಗಿಡುವುದನ್ನು ಕಂಡಾಗ ಸಂಕಟವಾಗುತ್ತದೆ. ಅವರ ಮಾತಿನಲ್ಲಿ ಯಾವ ಕೊರತೆಯೂ ಇಲ್ಲ. ಆ ಮಾತಿನ ಮಾದರಿ ಯಂತ್ರಕ್ಕೆ ಸಿಕ್ಕಿಲ್ಲ, ಅಷ್ಟೇ.

ಕಾರವಾರದ ಕೊಂಕಣಿಗರ ಪಾಡು ಇನ್ನೂ ಕಷ್ಟದ್ದು. ಗೂಗಲ್‌ನ ಅನುವಾದ ಸೇವೆಗೆ 2022ರಲ್ಲಿ ಕೊಂಕಣಿ ಸೇರಿದೆ, ಆದರೆ ಅಸಿಸ್ಟೆಂಟ್ ಕೊಂಕಣಿಯಲ್ಲಿ ಮಾತಾಡುವುದಿಲ್ಲ. ಭಟ್ಕಳದ ನವಾಯತಿಯ ಮಾತಂತೂ ಬಹಳ ದೂರ. ಅಲೆಕ್ಸಾ ಭಾರತದಲ್ಲಿ ಇಂಗ್ಲಿಷ್ ಮತ್ತು ಹಿಂದಿಯನ್ನು ನೆಚ್ಚಿಕೊಂಡಿದೆ; ಸಿರಿ 2024ರಿಂದ ಭಾರತೀಯ ಇಂಗ್ಲಿಷಿನ ಜೊತೆ ಕನ್ನಡ ಬೆರೆಸಿದ ಮಾತನ್ನು ಸ್ವೀಕರಿಸತೊಡಗಿದೆ.

ಊರಿನ ಹೆಸರು ಹೇಳಿದರೆ ಬೇರೆಲ್ಲಿಗೋ ದಾರಿ ತೋರಿಸುತ್ತದೆ. ಏನು ಮಾಡಬೇಕು?

ಹೆಸರಿನ ಜೊತೆ ತಾಲೂಕನ್ನೂ ಹೇಳಬೇಕು. ‘ಶಿರೂರು’ ಎಂದಷ್ಟೇ ಹೇಳಿದರೆ ಅಂಕೋಲಾ ತಾಲೂಕಿನ ಶಿರೂರೂ ಇದೆ, ಉಡುಪಿ ಜಿಲ್ಲೆಯ ಬೈಂದೂರು ತಾಲೂಕಿನ ಶಿರೂರೂ ಇದೆ. ಎರಡೂ ರಾಷ್ಟ್ರೀಯ ಹೆದ್ದಾರಿ 66ರ ಮೇಲೆಯೇ ಇವೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದನ್ನು ನಾವ್ಯಾರೂ ಮರೆತಿಲ್ಲ, ಮತ್ತು ಅಂಥ ಹೊತ್ತಿನಲ್ಲಿ ಯಾವ ಶಿರೂರು ಎಂಬುದು ಸಣ್ಣ ಪ್ರಶ್ನೆಯಲ್ಲ. ಮಳೆಗಾಲದಲ್ಲಿ ದೇವಿಮನೆ ಘಟ್ಟವನ್ನೋ ಅರಬೈಲ್ ಘಟ್ಟವನ್ನೋ ಇಳಿಯುವವರು ರಸ್ತೆ ತೆರೆದಿದೆಯೇ ಎಂಬುದನ್ನು ಧ್ವನಿ ಸಹಾಯಕದಿಂದ ಕೇಳಿ ಹೊರಡಬಾರದು. ಜಿಲ್ಲಾಡಳಿತದ ಪ್ರಕಟಣೆಯನ್ನು ನೋಡಿ, ಆ ದಾರಿಯಲ್ಲಿ ಬಂದವರನ್ನು ಕೇಳಿ ಹೊರಡಬೇಕು.

ಫೋನ್ ಮಾಡಿಸುವಾಗಲೂ ಇದೇ ತೊಡಕು. ಸಂಪರ್ಕ ಪಟ್ಟಿಯಲ್ಲಿ ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲಿದ್ದು ಸಹಾಯಕದ ಭಾಷೆ ಕನ್ನಡವಾಗಿದ್ದರೆ ಎರಡೂ ತಾಳೆಯಾಗದೆ ಹೋಗುವುದುಂಟು. ಒಂದೇ ಹೆಸರಿನ ಗಣಪತಿ ಹೆಗಡೆಗಳು, ಮಂಜುನಾಥ ನಾಯ್ಕರು ಬಹಳ ಮಂದಿ ಇರುವ ನಮ್ಮ ಜಿಲ್ಲೆಯಲ್ಲಿ, ದಿನವೂ ಬೇಕಾಗುವ ನಾಲ್ಕಾರು ಜನರ ಹೆಸರನ್ನು ‘ದೊಡ್ಡಣ್ಣ’, ‘ಆಯಿ’, ‘ಡಾಕ್ಟರ್ ಕುಮಟಾ’ ಎಂಬಂತೆ ಚಿಕ್ಕದಾಗಿ, ಬೇರೆಬೇರೆಯಾಗಿ ಕೇಳಿಸುವ ಹಾಗೆ ಬರೆದುಕೊಳ್ಳಿ.

ಅಡಿಕೆ ದರ ಕೇಳಿದರೆ ನಂಬಬಹುದೇ?

ಬೇಡ. ರಾಶಿ, ಚಾಲಿ, ಬೆಟ್ಟೆ, ಬಿಳೆಗೋಟು ಇವುಗಳ ದರ ಮಾರುಕಟ್ಟೆಯಿಂದ ಮಾರುಕಟ್ಟೆಗೆ, ದಿನದಿಂದ ದಿನಕ್ಕೆ ಬದಲಾಗುತ್ತದೆ. ಸಹಾಯಕ ಹಳೆಯ ಪುಟದಿಂದಲೋ ಬೇರೆ ಊರಿನ ಪುಟದಿಂದಲೋ ಒಂದು ಅಂಕಿಯನ್ನು ಎತ್ತಿ, ಅನುಮಾನವೇ ಇಲ್ಲದ ದನಿಯಲ್ಲಿ ಹೇಳಿಬಿಡಬಹುದು. ಎಪಿಎಂಸಿಯ ಅಥವಾ ನಿಮ್ಮ ಸಹಕಾರಿ ಸಂಘದ ಆ ದಿನದ ಟೆಂಡರ್ ದರವನ್ನೇ ನೋಡಿ.

ಮೀನುಗಾರಿಕೆಗೆ ಹೋಗುವಾಗ ಸಮುದ್ರದ ಹವಾಮಾನ ಕೇಳಬಹುದೇ?

‘ಇವತ್ತು ಮಳೆ ಬರುತ್ತದೆಯೇ’ ಎಂದು ಕೇಳಿದರೆ ಅದು ಹೇಳುವುದು ಊರಿನ ಹವಾಮಾನ, ಕಡಲಿನದ್ದಲ್ಲ. ಅಲೆಯ ಎತ್ತರ, ಗಾಳಿಯ ವೇಗ ಮತ್ತು ಕಡಲಿಗೆ ಇಳಿಯಬಾರದೆಂಬ ಎಚ್ಚರಿಕೆ ಬರುವುದು ಭಾರತೀಯ ಹವಾಮಾನ ಇಲಾಖೆಯಿಂದ ಮತ್ತು ಹೈದರಾಬಾದಿನ ಸಾಗರ ಮಾಹಿತಿ ಸೇವಾ ಕೇಂದ್ರವಾದ ಇನ್‌ಕಾಯಿಸ್‌ನಿಂದ. ಅವರ ಮುನ್ಸೂಚನೆಯನ್ನು ಓದಿಯೇ ನೋಡಬೇಕು, ಮೀನುಗಾರಿಕಾ ಇಲಾಖೆ ಹೇಳಿದ್ದನ್ನು ಪಾಲಿಸಬೇಕು. ದೋಣಿಯ ಎಂಜಿನ್ ಸದ್ದಿನಲ್ಲಿ ಮೈಕಿಗೆ ನಿಮ್ಮ ಮಾತು ಸರಿಯಾಗಿ ತಲುಪುವುದೂ ಇಲ್ಲ.

ಘಟ್ಟದ ಮೇಲೆ ಸಿಗ್ನಲ್ ಇಲ್ಲದಾಗ ಅದು ಸುಮ್ಮನಾಗುವುದೇಕೆ?

ಮಾತನ್ನು ಅರ್ಥ ಮಾಡಿಕೊಳ್ಳುವ ದೊಡ್ಡ ಕೆಲಸ ಇನ್ನೂ ಬಹಳಷ್ಟು ಮಟ್ಟಿಗೆ ಸರ್ವರ್‌ನಲ್ಲೇ ನಡೆಯುತ್ತದೆ. ಕರೆಂಟ್ ಹೋಗಿ ಟವರ್ ಸ್ತಬ್ಧವಾದರೆ, ಗುಡ್ಡದ ಮೇಲಿನ ಒಂದು ಜಾಗದಲ್ಲಿ ಮಾತ್ರ ಸಿಗ್ನಲ್ ಸಿಗುವ ಹಳ್ಳಿಯಲ್ಲಿ ನೀವಿದ್ದರೆ, ಅದು ಉಪಯೋಗಕ್ಕೆ ಬರುವುದಿಲ್ಲ. ಐಫೋನಿನ ತಂತ್ರಾಂಶವಾದ ಐಒಎಸ್‌ನ 2021ರ 15ನೇ ಆವೃತ್ತಿಯಿಂದ ಸಿರಿ ಕೆಲವು ಭಾಷೆಗಳ ಮಾತನ್ನು ಫೋನಿನಲ್ಲೇ ಗುರುತಿಸುತ್ತದೆ, ಅಲಾರಂ ಇಡುವಂಥ ಕೆಲಸಕ್ಕೆ ನೆಟ್ ಬೇಕಾಗುವುದಿಲ್ಲ. ಮಾತು ಫೋನಿನೊಳಗೇ ಉಳಿಯುವುದರಿಂದ ಗೋಪ್ಯತೆಗೂ ಇದು ಒಳ್ಳೆಯದು. ಧ್ವನಿ ಟೈಪಿಂಗ್‌ನ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಭಾಷೆಯನ್ನು ಡೌನ್‌ಲೋಡ್ ಮಾಡಿಕೊಳ್ಳುವ ಅವಕಾಶ ಕಂಡರೆ ಪೇಟೆಗೆ ಬಂದಾಗ ಮಾಡಿಟ್ಟುಕೊಳ್ಳಿ; ನಕ್ಷೆಗೂ ಇದೇ ಮಾತು. ತುರ್ತು ಸಂದರ್ಭಕ್ಕೆ ಸಹಾಯಕವನ್ನು ಕೂಗುತ್ತ ನಿಲ್ಲದೆ 112ನ್ನು ಕೈಯಿಂದಲೇ ಒತ್ತಿ.

ಯಾರೂ ಮುಟ್ಟದಿದ್ದರೂ ಸಹಾಯಕ ತಾನಾಗಿ ತೆರೆದುಕೊಳ್ಳುತ್ತದೆ. ಇದು ಹ್ಯಾಕ್ ಆಗಿರಬಹುದೇ?

ಬಹುತೇಕ ಅಲ್ಲ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಯರ್‌ಫೋನ್ ಸಿಕ್ಕಿಸುವ ತೂತಿನಲ್ಲಿ ಪಸೆ ಸೇರಿಕೊಂಡರೆ, ಇಯರ್‌ಫೋನಿನ ಬಟನ್ ಒತ್ತಿದೆಯೆಂದೇ ಫೋನು ತಿಳಿಯುತ್ತದೆ. ಕೆಟ್ಟ ಇಯರ್‌ಫೋನ್ ತಂತಿಯಿಂದಲೂ ಹೀಗಾಗುತ್ತದೆ. ತಂತಿಯನ್ನು ತೆಗೆದು, ಫೋನನ್ನು ಒಣ ಜಾಗದಲ್ಲಿಟ್ಟು ನೋಡಿ. ತೂತಿಗೆ ಪಿನ್ನು, ಕಡ್ಡಿ ಹಾಕಬೇಡಿ.

ಇನ್ನೊಂದು ಕಾರಣ ಪವರ್ ಬಟನ್. ಈಚಿನ ಹಲವು ಆ್ಯಂಡ್ರಾಯ್ಡ್ ಫೋನುಗಳಲ್ಲಿ ಅದನ್ನು ಒತ್ತಿ ಹಿಡಿದರೆ ಫೋನ್ ಬಂದ್ ಮಾಡುವ ಆಯ್ಕೆಯ ಬದಲು ಸಹಾಯಕ ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರಲ್ಲಿ ಜೆಶ್ಚರ್ಸ್ ತೆರೆದು ಪವರ್ ಬಟನ್‌ನ ಕೆಲಸವನ್ನು ಬದಲಿಸಬಹುದು. ಸ್ಯಾಮ್‌ಸಂಗ್ ಫೋನಿನಲ್ಲಿ ಇದು ಅಡ್ವಾನ್ಸ್ಡ್ ಫೀಚರ್ಸ್‌ನ ಒಳಗೆ ಸೈಡ್ ಬಟನ್ ಎಂಬ ಹೆಸರಿನಲ್ಲಿದೆ. ದಶಕಗಳಿಂದ ಒಂದು ಕೆಲಸಕ್ಕೆ ರೂಢಿಯಾದ ಬಟನ್ನನ್ನು ಬಳಕೆದಾರನನ್ನು ಕೇಳದೆ ಇನ್ನೊಂದಕ್ಕೆ ಹಚ್ಚಿದ್ದು ನನ್ನ ದೃಷ್ಟಿಯಲ್ಲಿ ಸರಿಯಾದ ಕ್ರಮವಲ್ಲ.

ಮೈಕ್ ಚಾಲೂ ಇದೆಯೇ ಎಂದು ತಿಳಿಯುವುದು ಹೇಗೆ?

2021ರ ಆ್ಯಂಡ್ರಾಯ್ಡ್ 12 ಮತ್ತು ಅದರ ನಂತರದ ಫೋನುಗಳಲ್ಲಿ ಯಾವುದಾದರೂ ಆ್ಯಪ್ ಮೈಕ್ ಬಳಸುವಾಗ ಪರದೆಯ ಮೇಲ್ತುದಿಯಲ್ಲಿ ಹಸಿರು ಗುರುತು ಕಾಣುತ್ತದೆ. ಐಫೋನಿನಲ್ಲಿ 2020ರ ಐಒಎಸ್ 14ರಿಂದ ಕಿತ್ತಳೆ ಬಣ್ಣದ ಚುಕ್ಕೆ ಬರುತ್ತದೆ. ಆ್ಯಂಡ್ರಾಯ್ಡ್ 12ರಿಂದ ಪರದೆಯನ್ನು ಮೇಲಿಂದ ಕೆಳಗೆ ಎಳೆದಾಗ ಸಿಗುವ ಬಟನ್‌ಗಳಲ್ಲಿ ಇಡೀ ಫೋನಿನ ಮೈಕನ್ನು ಒಂದೇ ಒತ್ತಿಗೆ ಬಂದ್ ಮಾಡುವ ಬಟನ್ನನ್ನೂ ಸೇರಿಸಿಕೊಳ್ಳಬಹುದು. ಕರೆಗಾಗಿ ಕಾಯುವ ಚಿಪ್ಪಿನ ಕೆಲಸಕ್ಕೆ ಈ ಚುಕ್ಕೆ ಬರುವುದಿಲ್ಲ. ಆದ್ದರಿಂದ ಚುಕ್ಕೆ ಇಲ್ಲವೆಂದರೆ ಯಾವ ಕಿವಿಯೂ ತೆರೆದಿಲ್ಲ ಎಂದು ಅರ್ಥ ಮಾಡಿಕೊಳ್ಳಬಾರದು.

ಆಯಿಗೆ ಕಣ್ಣು ಮಂಜಾಗಿದೆ, ಅವಳು ಫೋನನ್ನು ಮಾತಿನಿಂದಲೇ ಬಳಸುತ್ತಾಳೆ. ಇದನ್ನೆಲ್ಲ ಓದಿದ ಮೇಲೆ ಬಂದ್ ಮಾಡಬೇಕೇ?

ಖಂಡಿತ ಬೇಡ. ಕಣ್ಣು ಕಾಣದವರಿಗೆ, ಬೆರಳು ನಡುಗುವವರಿಗೆ, ಪಾರ್ಶ್ವವಾಯುವಿನಿಂದ ಒಂದು ಕೈ ಸೋತವರಿಗೆ, ಅಕ್ಷರ ಬಾರದವರಿಗೆ ಈ ಸೌಲಭ್ಯ ದೊಡ್ಡ ಆಸರೆ. ಮಗ ಬೆಂಗಳೂರಿನಲ್ಲಿ, ಮಗಳು ಪುಣೆಯಲ್ಲಿ, ತೋಟದ ಮನೆಯಲ್ಲಿ ಇಬ್ಬರೇ ಹಿರಿಯರು ಎಂಬ ಸ್ಥಿತಿ ಘಟ್ಟದ ಮೇಲಿನ ಎಷ್ಟೋ ಮನೆಗಳದ್ದು. ಆ ಮನೆಯ ಆಯಿ ಬೇರೆಯವರ ಕೈ ಕಾಯದೆ ಮಗಳಿಗೆ ತಾನೇ ಫೋನ್ ಹಚ್ಚಿದಾಗ ಅವಳಿಗೆ ಸಿಗುವ ಸ್ವಾತಂತ್ರ್ಯವನ್ನು, ನಮ್ಮ ಗೋಪ್ಯತೆಯ ಚಿಂತೆಯ ಹೆಸರಿನಲ್ಲಿ ಕಿತ್ತುಕೊಳ್ಳುವ ಹಕ್ಕು ನಮಗಿಲ್ಲ. ಕರೆದಾಗ ಓಗೊಡುವ ಸೌಲಭ್ಯ ಬೇಕಾದದ್ದು ಇಂಥವರಿಗೇ. ನಾನು ಅದನ್ನು ಬೇಡ ಎಂದದ್ದು ಕೈಯಲ್ಲಿ ಫೋನು ಹಿಡಿದೇ ಇರುವ ನಮ್ಮಂಥವರಿಗೆ.

ಅವರಿಗೆ ಚಾಲೂ ಇಟ್ಟುಕೊಟ್ಟು ಉಳಿದ ಕಡೆ ಬಿಗಿ ಮಾಡಬಹುದು. ದಾಖಲಾದ ಧ್ವನಿ ಉಳಿಯದಂತೆ ಮಾಡಿ, ಚರಿತ್ರೆ ತಾನಾಗಿ ಅಳಿಯುವಂತೆ ಇಡಿ, ಹಣದ ಆ್ಯಪ್‌ಗೆ ಬೇರೆ ಬೀಗ ಹಾಕಿ. ಆ್ಯಂಡ್ರಾಯ್ಡ್‌ನಲ್ಲಿ ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಮತ್ತು ಮಾತಿನಿಂದಲೇ ಪರದೆಯನ್ನು ನಡೆಸುವ ವಾಯ್ಸ್ ಆ್ಯಕ್ಸೆಸ್ ಇವೆ. ಟಾಕ್‌ಬ್ಯಾಕ್ ಕಲಿಯಲು ತಾಳ್ಮೆ ಬೇಕು, ರಜೆಗೆ ಊರಿಗೆ ಬಂದವರು ಒಂದು ಮಧ್ಯಾಹ್ನ ಕೂತು ಕಲಿಸಿ. ಮುಖ್ಯವಾಗಿ, ಮಾತು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅವರಿಗೆ ಅವರ ಮಾತಿನಲ್ಲೇ ತಿಳಿಸಿ ಒಪ್ಪಿಗೆ ಕೇಳಿ. ವಯಸ್ಸಾದವರಿಗೆ ತಿಳಿಯುವುದಿಲ್ಲ ಎಂದು ನಾವೇ ಎಲ್ಲದಕ್ಕೂ ‘ಒಪ್ಪಿದೆ’ ಎಂದು ಒತ್ತಿಬಿಡುವುದು ಅವರಿಗೆ ತೋರುವ ಅಗೌರವ.

ನನ್ನ ಫೋನು, ನನ್ನ ಒಪ್ಪಿಗೆ. ಇದರಲ್ಲಿ ಬೇರೆಯವರಿಗೇನು?

ಈ ಪುಟವನ್ನು ಬರೆಯಲು ಮುಖ್ಯ ಕಾರಣವೇ ಈ ಪ್ರಶ್ನೆ. ಒಪ್ಪಿಗೆಯ ಬಟನ್ ಒತ್ತಿದ್ದು ನೀವೊಬ್ಬರೇ, ಆದರೆ ನಿಮ್ಮ ಜಗಲಿಯಲ್ಲಿ ಕೂತು ಮಾತಾಡುವವರು ಹತ್ತಾರು ಮಂದಿ. ಸಾಲದ ವಿಷಯ ಹೇಳಿಕೊಳ್ಳಲು ಬಂದ ಪಕ್ಕದ ಮನೆಯವರು, ತೋಟದ ಕೆಲಸಕ್ಕೆ ಬಂದವರು, ಮಗಳ ಮದುವೆಯ ಮಾತುಕತೆಗೆ ಬಂದ ಬೀಗರು, ಇವರಲ್ಲಿ ಯಾರೂ ಆ ಷರತ್ತುಗಳನ್ನು ಓದಿಲ್ಲ. ತಪ್ಪಿ ದಾಖಲಾಗುವ ಧ್ವನಿಯಲ್ಲಿ ಅವರ ಮಾತೂ ಇರುತ್ತದೆ. ಗೂಗಲ್‌ನ ವಾಯ್ಸ್ ಮ್ಯಾಚ್ ಎಂಬ ಸೌಲಭ್ಯ ನಿಮ್ಮ ಧ್ವನಿಯನ್ನು ಗುರುತಿಸಲು ಯತ್ನಿಸುತ್ತದೆಯೇ ಹೊರತು, ಒಮ್ಮೆ ದಾಖಲೆ ಶುರುವಾದ ಮೇಲೆ ಪಕ್ಕದಲ್ಲಿರುವವರ ಮಾತನ್ನು ಬೇರ್ಪಡಿಸಿ ಬಿಡುವುದಿಲ್ಲ.

ವೈದ್ಯರ ಕೋಣೆ, ವಕೀಲರ ಕಚೇರಿ, ಸೊಸೈಟಿಯ ಸಾಲ ವಿಭಾಗದ ಮೇಜು, ಶಾಲೆಯಲ್ಲಿ ಪಾಲಕರೊಡನೆ ಮಾತಾಡುವ ಕೊಠಡಿ, ಇಂಥ ಕಡೆ ಕೂರುವವರು ತಮ್ಮ ಫೋನಿನಲ್ಲಿ ಕರೆಗೆ ಓಗೊಡುವ ಸೌಲಭ್ಯವನ್ನು ಬಂದ್ ಇಡುವುದು ವೃತ್ತಿಧರ್ಮದ ಭಾಗವಾಗಬೇಕು. ಕಾರವಾರದವರಿಗೆ ಇದು ಹೊಸದೇನಲ್ಲ. ಅರ್ಗಾದ ಕದಂಬ ನೌಕಾನೆಲೆಯ ಸುತ್ತಮುತ್ತ ಬದುಕುವವರಿಗೆ ಫೋನಿನ ಕಟ್ಟುಪಾಡು ಪರಿಚಿತ. ಭಾರತೀಯ ನೌಕಾಪಡೆ 2019ರ ಡಿಸೆಂಬರ್‌ನಲ್ಲಿ ತನ್ನ ನೆಲೆಗಳಲ್ಲಿ ಮತ್ತು ಹಡಗುಗಳಲ್ಲಿ ಸ್ಮಾರ್ಟ್‌ಫೋನ್ ಬಳಕೆಯನ್ನು ನಿರ್ಬಂಧಿಸಿತು. ದೇಶದ ಗುಟ್ಟಿಗೆ ಇರುವ ಎಚ್ಚರದ ಒಂದು ಪಾಲಾದರೂ ನೆರೆಮನೆಯವರ ಗುಟ್ಟಿಗೆ ಇರಲಿ.

ಮಕ್ಕಳು ದಿನವಿಡೀ ಅದರೊಡನೆ ಮಾತಾಡುತ್ತಾರೆ. ಬಿಡಬಹುದೇ?

ಹಿರಿಯರು ಹತ್ತಿರ ಇರುವಾಗ, ಗೊತ್ತಾದ ಹೊತ್ತಿನಲ್ಲಿ ಸರಿ. ಮಕ್ಕಳು ಮನೆಯ ಜಗಳ, ಅಪ್ಪನ ಸಿಟ್ಟು, ತಮ್ಮ ಭಯ ಎಲ್ಲವನ್ನೂ ಅದಕ್ಕೆ ಹೇಳಿಬಿಡುತ್ತಾರೆ. ಅಲೆಕ್ಸಾ ಮಕ್ಕಳ ಧ್ವನಿ ದಾಖಲೆಗಳನ್ನು ಅಗತ್ಯಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡಿತು, ಪೋಷಕರು ಅಳಿಸಲು ಕೇಳಿದಾಗಲೂ ಪೂರ್ತಿ ಅಳಿಸಲಿಲ್ಲ ಎಂಬ ಆರೋಪದ ಮೇಲೆ ಅಮೆರಿಕದ ಸರ್ಕಾರ ಹೂಡಿದ ಮೊಕದ್ದಮೆಯಲ್ಲಿ, ಅಮೆಜಾನ್ 2023ರಲ್ಲಿ 2.5 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. ಮಗುವಿನ ಧ್ವನಿಯ ವಿಷಯದಲ್ಲಿ ಕಂಪನಿಯ ಭರವಸೆಯನ್ನಷ್ಟೇ ನೆಚ್ಚಿಕೊಳ್ಳಲಾಗದು ಎಂಬುದಕ್ಕೆ ಇಷ್ಟು ಸಾಕು.

ಬೇರೆಯವರು ನನ್ನ ಹಾಗೆ ಮಾತಾಡಿ ಫೋನ್ ತೆರೆಯಬಹುದೇ, ಹಣ ಕಳಿಸಬಹುದೇ?

ಧ್ವನಿಯನ್ನು ಬೀಗದ ಕೈಯೆಂದು ಎಣಿಸಬೇಡಿ. ನಿಮ್ಮದನ್ನು ಹೋಲುವ ಧ್ವನಿ ಅಥವಾ ನಿಮ್ಮ ಧ್ವನಿಯ ದಾಖಲೆ ವಾಯ್ಸ್ ಮ್ಯಾಚನ್ನು ಮೋಸಗೊಳಿಸಬಹುದು ಎಂದು ಗೂಗಲ್ ತಾನೇ ಹೇಳಿದೆ. ಬೀಗ ಹಾಕಿದ ಪರದೆಯಲ್ಲಿ ಸಹಾಯಕ ಸಂದೇಶ ಓದದಂತೆ, ಕರೆ ಮಾಡದಂತೆ ಸೆಟ್ಟಿಂಗ್ಸ್‌ನಲ್ಲಿ ತಡೆಯಿರಿ. ಯುಪಿಐ ಪಿನ್ ಅಥವಾ ಒಟಿಪಿಯನ್ನು ಬಾಯಿಂದ ಹೇಳಲೇಬೇಡಿ. ಮಗನ ಧ್ವನಿಯಲ್ಲೇ ಅತ್ತು ಹಣ ಕೇಳುವ ಕರೆ ಬಂದರೆ, ಕರೆಯನ್ನು ಕಡಿದು, ನಿಮ್ಮ ಬಳಿ ಇರುವ ಅವನ ನಂಬರಿಗೆ ನೀವೇ ಮಾಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಹಾಗಾದರೆ ಏನೇನನ್ನು ಬಂದ್ ಮಾಡಬೇಕು? ಸರಳವಾಗಿ ಹೇಳಿ.

ಆ್ಯಂಡ್ರಾಯ್ಡ್‌ನಲ್ಲಿ ಗೂಗಲ್ ಆ್ಯಪ್ ತೆರೆದು, ನಿಮ್ಮ ಚಿತ್ರದ ಮೇಲೆ ಒತ್ತಿ, ಸೆಟ್ಟಿಂಗ್ಸ್‌ನಲ್ಲಿ ಅಸಿಸ್ಟೆಂಟ್‌ಗೆ ಹೋಗಿ, ‘ಹೇ ಗೂಗಲ್’ ಮತ್ತು ವಾಯ್ಸ್ ಮ್ಯಾಚ್ ಎಂಬಲ್ಲಿ ಕರೆಗೆ ಓಗೊಡುವುದನ್ನು ನಿಲ್ಲಿಸಿ. ಬಳಿಕ ಗೂಗಲ್ ಖಾತೆಯ ವೆಬ್ ಆ್ಯಂಡ್ ಆ್ಯಪ್ ಆ್ಯಕ್ಟಿವಿಟಿಯಲ್ಲಿ ಧ್ವನಿಯನ್ನು ಉಳಿಸುವ ಪೆಟ್ಟಿಗೆಗೆ ಗುರುತು ಬಿದ್ದಿಲ್ಲವೇ ನೋಡಿ. ಹಳೆಯದು ತಾನಾಗಿ ಅಳಿಯಲು 3, 18 ಅಥವಾ 36 ತಿಂಗಳ ಆಯ್ಕೆ ಇದೆ. 3 ತಿಂಗಳನ್ನೇ ಆರಿಸಿಕೊಳ್ಳಿ. ಮೈ ಆ್ಯಕ್ಟಿವಿಟಿ ಪುಟದಲ್ಲಿ ಈವರೆಗೆ ದಾಖಲಾದದ್ದು ಇದ್ದರೆ ನೀವೇ ಕೇಳಿ ಅಳಿಸಬಹುದು. ಒಮ್ಮೆ ಹೀಗೆ ಕೇಳಿ ನೋಡಿ ಎಂದು ನಾನು ಒತ್ತಾಯಿಸುತ್ತೇನೆ, ಏಕೆಂದರೆ ತಾನು ಯಾವಾಗ ಕರೆಯದೇ ದಾಖಲಾದೆ ಎಂಬುದು ಆಗ ಕಿವಿಗೇ ತಿಳಿಯುತ್ತದೆ. ಜೆಮಿನಿ ಬಳಸುವವರು ಅದರ ಚಟುವಟಿಕೆಯ ಪುಟವನ್ನು ಬೇರೆಯಾಗಿ ಬಂದ್ ಮಾಡಬೇಕು.

ಐಫೋನಿನಲ್ಲಿ ಸಿರಿಯ ಸೆಟ್ಟಿಂಗ್ಸ್‌ಗೆ ಹೋಗಿ ಕರೆಗೆ ಕಾಯುವುದನ್ನು ನಿಲ್ಲಿಸಿ, ಗೋಪ್ಯತೆಯ ವಿಭಾಗದಲ್ಲಿ ಸಿರಿಯನ್ನು ಸುಧಾರಿಸಲು ಧ್ವನಿ ಹಂಚಿಕೊಳ್ಳುವ ಆಯ್ಕೆಯನ್ನು ತೆಗೆಯಿರಿ. ಅಲೆಕ್ಸಾ ಸ್ಪೀಕರ್ ಇರುವವರಿಗೆ ಒಂದು ಮಾತು: ಅಮೆರಿಕದ ಕೆಲವು ಎಕೋ ಮಾದರಿಗಳಲ್ಲಿದ್ದ, ಧ್ವನಿಯನ್ನು ಸರ್ವರ್‌ಗೆ ಕಳಿಸದಿರುವ ಆಯ್ಕೆಯನ್ನು ಅಮೆಜಾನ್ 2025ರ ಮಾರ್ಚ್ 28ರಿಂದ ತೆಗೆದುಹಾಕಿತು. ಇಂದು ಇರುವ ಆಯ್ಕೆ ನಾಳೆಯೂ ಇರುತ್ತದೆ ಎನ್ನುವಂತಿಲ್ಲ. ದೊಡ್ಡ ಅಪ್‌ಡೇಟ್ ಬಂದಾಗಲೆಲ್ಲ ಮತ್ತೆ ನೋಡಿಕೊಳ್ಳಿ.

ನಮ್ಮ ದೇಶದ ಕಾನೂನು ಏನು ಹೇಳುತ್ತದೆ?

ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಗೋಪ್ಯತೆ ಮೂಲಭೂತ ಹಕ್ಕು ಎಂದು ತೀರ್ಪಿತ್ತಿತು. ಆ ಬಳಿಕ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಅಲ್ಲಿಂದ ಹದಿನೆಂಟು ತಿಂಗಳ ನಂತರ ಜಾರಿಗೆ ಬರುವಂತೆ ಹಂತಹಂತವಾಗಿ ಇವೆ. ನಿಮ್ಮ ದತ್ತಾಂಶವನ್ನು ಅಳಿಸುವಂತೆ ಕೇಳುವ ಹಕ್ಕು, 18 ವರ್ಷದೊಳಗಿನವರ ದತ್ತಾಂಶಕ್ಕೆ ಪೋಷಕರ ಒಪ್ಪಿಗೆ, 250 ಕೋಟಿ ರೂಪಾಯಿವರೆಗಿನ ದಂಡ ಅದರಲ್ಲಿವೆ. ನಮ್ಮ ಜಿಲ್ಲೆಗೆ ಬಹಳ ಮುಖ್ಯವೆನಿಸುವ ಅಂಶ ಇನ್ನೊಂದಿದೆ: ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯನ್ನು ಕಂಪನಿ ಕೊಡಬೇಕು. ಆ ಪಟ್ಟಿಯಲ್ಲಿ ಕನ್ನಡವೂ ಇದೆ, 1992ರಿಂದ ಕೊಂಕಣಿಯೂ ಇದೆ. ಇದು ಜಾರಿಯಾದಾಗ ಕೇಳಿ ಪಡೆಯಲು ನಾವು ಹಿಂಜರಿಯಬಾರದು.

ನಮ್ಮ ಮಾತು ಯಂತ್ರಕ್ಕೆ ಬರಬೇಕಾದರೆ ನಾವು ಧ್ವನಿ ಕೊಡಲೇಬೇಕಲ್ಲವೇ? ಎಲ್ಲವನ್ನೂ ಬಂದ್ ಮಾಡಿದರೆ ಹೇಗೆ?

ಇದು ನ್ಯಾಯವಾದ ಪ್ರಶ್ನೆ, ಮತ್ತು ಇದಕ್ಕೆ ಸಲೀಸಾದ ಉತ್ತರವಿಲ್ಲ. ಹವ್ಯಕರ ಮಾತು, ಹಾಲಕ್ಕಿಗಳ ಮಾತು, ಯಲ್ಲಾಪುರ ಹಳಿಯಾಳದ ಸಿದ್ದಿಗಳ ಮಾತು ಯಂತ್ರಕ್ಕೆ ತಿಳಿಯದಿರುವುದು ಆ ಮಾತಿನ ಧ್ವನಿ ಅದಕ್ಕೆ ಸಾಕಷ್ಟು ಸಿಗದಿರುವುದರಿಂದಲೇ. ನಾವು ಕೊಡದಿದ್ದರೆ ಮುಂದೆಯೂ ತಿಳಿಯದು. ಆಗ ನಮ್ಮ ಹಿರಿಯರು ಈ ಸೌಲಭ್ಯದ ಹೊರಗೇ ಉಳಿಯುತ್ತಾರೆ. ಆದರೆ ಮನೆಯೊಳಗಿನ ಮಾತು ತಪ್ಪಿ ದಾಖಲಾಗಿ ಒಂದು ಕಂಪನಿಯ ಸೊತ್ತಾಗುವುದು ಬೇರೆ, ಏನು ಓದಬೇಕು, ಎಷ್ಟು ಓದಬೇಕು ಎಂದು ತಿಳಿದುಕೊಂಡು ನಾವೇ ಮುಂದೆ ಬಂದು ಧ್ವನಿ ಕೊಡುವುದು ಬೇರೆ. ನಾನು ಎರಡನೆಯದರ ಪರ.

ಅದಕ್ಕೆ ದಾರಿಗಳೂ ಇವೆ. ಕೇಂದ್ರ ಸರ್ಕಾರದ ಭಾಷಿಣಿ ಯೋಜನೆಯಲ್ಲಿ ‘ಭಾಷಾದಾನ’ ಎಂಬ ವಿಭಾಗವಿದ್ದು, ಅಲ್ಲಿ ಕೊಟ್ಟ ವಾಕ್ಯವನ್ನು ಓದಿ ಧ್ವನಿ ನೀಡಬಹುದು, ಇತರರು ಓದಿದ್ದನ್ನು ಕೇಳಿ ತಿದ್ದಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಗೂಗಲ್‌ನ ನೆರವಿನಿಂದ ನಡೆಸುತ್ತಿರುವ ‘ವಾಣಿ’ ಯೋಜನೆ, ಭಾಷೆಯ ಪಟ್ಟಿಯನ್ನು ಹಿಡಿದು ಹೊರಡದೆ ಜಿಲ್ಲೆಗಳನ್ನು ಹಿಡಿದು ಜನರ ಸಹಜ ಮಾತನ್ನು ಸಂಗ್ರಹಿಸಿ ಎಲ್ಲರ ಬಳಕೆಗೆ ತೆರೆದಿಡುತ್ತಿದೆ. ಒಂದೇ ಜಿಲ್ಲೆಯಲ್ಲಿ ಇಷ್ಟು ಬಗೆಯ ಮಾತುಗಳಿರುವ ನಮಗೆ ಈ ವಿಧಾನ ಸರಿಹೊಂದುತ್ತದೆ. ಹೀಗೆ ತೆರೆದಿಟ್ಟ ಸಂಗ್ರಹದಿಂದ ಒಂದು ಕಂಪನಿ ಮಾತ್ರವಲ್ಲ, ಇಲ್ಲಿನ ಎಂಜಿನಿಯರಿಂಗ್ ಕಾಲೇಜಿನ ಹುಡುಗಿಯೊಬ್ಬಳೂ ಏನಾದರೂ ಕಟ್ಟಬಹುದು. ಧ್ವನಿ ಕೊಡುವಾಗ ನಿಮ್ಮ ಹೆಸರು, ಮನೆಯ ವಿವರ, ಮೂರನೆಯವರ ಸುದ್ದಿ ಅದರಲ್ಲಿ ಬರದಂತೆ ನೋಡಿಕೊಳ್ಳಿ. ಒಮ್ಮೆ ತೆರೆದಿಟ್ಟ ಧ್ವನಿಯನ್ನು ಹಿಂದಕ್ಕೆ ಪಡೆಯುವುದು ಕಷ್ಟ.

ಬ್ಯಾಟರಿ ಬೇಗ ಮುಗಿಯಲು ಇದೇ ಕಾರಣವೇ?

ಅಲ್ಪಸ್ವಲ್ಪ ಇರಬಹುದು, ಮುಖ್ಯ ಕಾರಣ ಅಲ್ಲ. ಕರೆಗೆ ಕಾಯುವ ಚಿಪ್ ಬಹಳ ಕಡಿಮೆ ವಿದ್ಯುತ್ ಬಳಸುತ್ತದೆ. ಸಿಗ್ನಲ್ ಕ್ಷೀಣವಾಗಿರುವ ಜಾಗದಲ್ಲಿ ಫೋನು ಟವರನ್ನು ಹುಡುಕುತ್ತ ಖರ್ಚು ಮಾಡುವ ಬ್ಯಾಟರಿ ಇದಕ್ಕಿಂತ ಹೆಚ್ಚು.

ಹಳೆಯ ಫೋನನ್ನು ಮಾರುವ ಅಥವಾ ಮನೆಯ ಇನ್ನೊಬ್ಬರಿಗೆ ಕೊಡುವ ಮೊದಲು ಏನು ಮಾಡಬೇಕು?

ಫೋನನ್ನು ಪೂರ್ತಿ ಅಳಿಸಿದರೂ ಖಾತೆಯಲ್ಲಿ ಉಳಿದ ಧ್ವನಿ ಚರಿತ್ರೆ ಅಳಿಯುವುದಿಲ್ಲ, ಏಕೆಂದರೆ ಅದು ಇರುವುದು ಸರ್ವರ್‌ನಲ್ಲಿ. ಆದ್ದರಿಂದ ಮೊದಲು ಖಾತೆಯ ಪುಟದಲ್ಲಿ ಧ್ವನಿ ದಾಖಲೆಗಳನ್ನೂ ವಾಯ್ಸ್ ಮ್ಯಾಚ್‌ನ ಮಾದರಿಯನ್ನೂ ಅಳಿಸಿ, ನಂತರ ಫೋನಿನಿಂದ ಖಾತೆಯನ್ನು ತೆಗೆದು, ಕೊನೆಗೆ ಫ್ಯಾಕ್ಟರಿ ರೀಸೆಟ್ ಮಾಡಿ. ಅಂಗಡಿಯವರು ತಾವೇ ಮಾಡುತ್ತೇವೆ ಎಂದರೂ ಈ ಮೂರನ್ನೂ ಫೋನು ನಿಮ್ಮ ಕೈಯಲ್ಲಿರುವಾಗಲೇ ಮುಗಿಸಿ.